ತಾಯಿಗೆ ದಕ್ಕದ ಮಗು, ಸಂಗೀತಕ್ಕೆ ದಕ್ಕಿದ ಮಗು



ಆಟಿಸಂ ಎಂಬ ಸ್ಥಿತಿಯನ್ನು ವೈದ್ಯಲೋಕದ ಗಮನಕ್ಕೆ ತಂದ ಲಿಯೋ ಕ್ಯಾನರ್ ಅವರ 1943ರ ಲೇಖನದಲ್ಲಿ ಹನ್ನೊಂದು ಮಕ್ಕಳ ವೃತ್ತಾಂತವಿದೆ. ಅವರಲ್ಲೊಬ್ಬ ಹುಡುಗ ಒಂದೂವರೆ ವರ್ಷಕ್ಕೇ 18 ಸಿಂಫನಿಗಳನ್ನು ಬೇರೆಬೇರೆಯಾಗಿ ಗುರುತಿಸುತ್ತಿದ್ದನೆಂದೂ, ಮೊದಲ ಭಾಗ ಆರಂಭವಾಗುತ್ತಲೇ ರಚನಕಾರನ ಹೆಸರು ಹೇಳುತ್ತಿದ್ದನೆಂದೂ ಅವನ ತಾಯಿ ತಿಳಿಸಿದ್ದಳು. ತನ್ನ ಮಗುವನ್ನು ತಾನು ತಲುಪಲಾರೆ ಎಂಬುದೇ ಆ ತಾಯಿಯ ದೊಡ್ಡ ಸಂಕಟವಾಗಿತ್ತು. ಬೀಥೋವನ್ ಮಾತ್ರ ತಲುಪಿದ್ದ!

ಈ ತನ್ಮಯತೆಯ ಮೂಲವೇನು? ಲಂಡನ್ನಿನ ಪಮೇಲಾ ಹೀಟನ್ ಮತ್ತು ಸಂಗಡಿಗರು 1998ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಸಂಗೀತ ಕಲಿಯದ ಬಾಲಕರಿಗೆ ಒಂದೊಂದು ಸ್ವರವನ್ನು ಒಂದೊಂದು ಪ್ರಾಣಿಯ ಚಿತ್ರದೊಡನೆ ಜೋಡಿಸಿ ಕೇಳಿಸಲಾಯಿತು. ಯಾವ ಸ್ವರ ಯಾವ ಪ್ರಾಣಿಯದೆಂಬುದನ್ನು ಆಟಿಸಂ ಇರುವ ಬಾಲಕರು ಇತರರಿಗಿಂತ ಚೆನ್ನಾಗಿ ನೆನಪಿಟ್ಟುಕೊಂಡರು. ಸ್ವರ ಅವರಿಗೆ ಮುಖದಷ್ಟೇ ಪರಿಚಿತವಾಗಬಲ್ಲದು. ಮಾತಾದರೋ ಪ್ರತಿಸಲವೂ ಹೊಸ ವೇಷದಲ್ಲಿ ಬರುತ್ತದೆ. ದನಿ, ಮುಖಭಾವ, ಇಂಗಿತ ಎಲ್ಲವನ್ನೂ ಒಟ್ಟಿಗೇ ಬಿಡಿಸಿಕೊಳ್ಳಬೇಕು. ಧ್ವನಿಮುದ್ರಿತ ಹಾಡು ನೂರನೆಯ ಸಲವೂ ಕೊಟ್ಟ ಮಾತಿಗೆ ತಪ್ಪುವುದಿಲ್ಲ. ಹಾಗೆಂದು ಎಲ್ಲ ಮಕ್ಕಳೂ ಹೀಗೆಯೇ ಎನ್ನುವಂತಿಲ್ಲ. ಮಿಕ್ಸಿ ತಿರುಗಿದರೆ ಕಿವಿ ಮುಚ್ಚಿಕೊಂಡು ಓಡುವವರೂ ಉಂಟು.

ಸಂಗೀತವನ್ನು ಔಷಧವಾಗಿಸುವ ಆತುರ ಮಾತ್ರ ಎಲ್ಲೆಡೆ ಇದೆ. ಒಂಬತ್ತು ದೇಶಗಳ 364 ಮಕ್ಕಳನ್ನೊಳಗೊಂಡು 2017ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ಐದು ತಿಂಗಳ ಸಂಗೀತ ಚಿಕಿತ್ಸೆಯಿಂದ ಆಟಿಸಂನ ಸಾಮಾಜಿಕ ಲಕ್ಷಣಗಳು ಗಣನೀಯವಾಗಿ ತಗ್ಗಲಿಲ್ಲ. ಇದರಲ್ಲಿ ನಿರಾಶೆಗೇನು ಕಾರಣ? ಉಳಿದ ಮಕ್ಕಳು ಹಾಡು ಕೇಳುವುದು ಯಾವ ಕಾಯಿಲೆ ವಾಸಿಯಾಗಲೆಂದು?

ಥೆರಪಿಯ ವೇಳಾಪಟ್ಟಿಯಲ್ಲೇ ಬಾಲ್ಯ ಕಳೆದುಹೋಗುವ ವಲಸಿಗರ ಮನೆಗಳಲ್ಲಿ ಹಾಡು ಕೆಲವೊಮ್ಮೆ ಕೂಲಿಯಾಗುತ್ತದೆ: ಕಣ್ಣಲ್ಲಿ ಕಣ್ಣಿಟ್ಟು ನೋಡಿದರೆ ಎರಡು ನಿಮಿಷ ಸಂಗೀತ, ಇಲ್ಲವಾದರೆ ಐಪ್ಯಾಡ್ ಕಪಾಟಿನೊಳಗೆ. ಹೆತ್ತವರ ದಣಿವು, ಭಯ ಸುಳ್ಳಲ್ಲ. ಆದರೂ ಮಗುವಿಗೆ ಅತ್ಯಂತ ಪ್ರಿಯವಾದುದನ್ನೇ ಒತ್ತೆಯಿಟ್ಟುಕೊಂಡು ವಿಧೇಯತೆ ಪಡೆಯುವುದನ್ನು ಶಿಕ್ಷಣವೆನ್ನಲಾಗದು.

ಲಂಡನ್ನಿನ ಅಂಧಮಕ್ಕಳ ಶಾಲೆಯೊಂದರಲ್ಲಿ ಸಂಗೀತ ಶಿಕ್ಷಕರಾಗಿದ್ದ ಆ್ಯಡಂ ಆಕಲ್‌ಫರ್ಡ್ ಬೇರೊಂದು ದಾರಿ ಹಿಡಿದರು. ಡೆರೆಕ್ ಪ್ಯಾರವಿಚೀನಿ ಎಂಬ ಪುಟ್ಟ ಹುಡುಗ, ಕಣ್ಣು ಕಾಣದವನು, ಆಟಿಸಂ ಇರುವವನು, ಪಿಯಾನೋ ಸದ್ದು ಕೇಳಿದ್ದೇ ತಡ, ಅದರ ಮುಂದೆ ಕುಳಿತವರನ್ನು ತಳ್ಳಿ, ಅಂಗೈ ಅಂಚಿನಿಂದ, ಮೊಣಕೈಯಿಂದ ಬಾರಿಸತೊಡಗುತ್ತಿದ್ದ. ಪಾಠವನ್ನು ಮಾತಿನಲ್ಲಿ ಹೇಳಿ ಪ್ರಯೋಜನವಿರಲಿಲ್ಲ. ಆಕಲ್‌ಫರ್ಡ್ ಅವನನ್ನು ಎತ್ತಿ ಕೋಣೆಯ ಆಚೆ ತುದಿಗೆ ಬಿಟ್ಟು ಬಂದು, ಅವನು ಮರಳಿ ಬರುವಷ್ಟರಲ್ಲಿ ಕೆಲವು ಸ್ವರ ನುಡಿಸುತ್ತಿದ್ದರು. ಡೆರೆಕ್ ಓಡಿ ಬಂದು ಅವರನ್ನು ತಳ್ಳುತ್ತಿದ್ದ. ಬರಬರುತ್ತ, ತಾನು ಕೇಳಿದ ಸ್ವರಗಳನ್ನೇ ಅವರಿಗೆ ಮರಳಿ ನುಡಿಸತೊಡಗಿದ.