ಪುಟ್ಟ ರೇಡಿಯೋಗೆ ಯಾವ ಜರಡಿ?

(ಸಂಘದ ರಾಜ್ಯೋತ್ಸವ ಉಪನ್ಯಾಸಮಾಲೆಯಲ್ಲಿ ಪುಣೆಯಲ್ಲಿ ಮಾಡಿದ ಭಾಷಣ)



ರಾಜ್ಯೋತ್ಸವದ ವೇದಿಕೆಯಿಂದ ಸಾಹಿತ್ಯ, ಸಂಗೀತ, ನಾಡಿನ ಚರಿತ್ರೆ ಇವುಗಳ ಮೇಲೆ ಮಾತು ಕೇಳಿ ಬಂದವರು ತಾವು. ಇಂದು ರೇಡಿಯೋ ಯಂತ್ರದೊಳಗಿನ ಹೆಬ್ಬೆರಳಿನಷ್ಟು ದೊಡ್ಡ ಬಿಡಿಭಾಗವೊಂದರ ವಿಷಯವನ್ನು ತಮ್ಮ ಮುಂದಿಡಲು ನಿಂತಿದ್ದೇವೆ. ಕೆಲವರಿಗೆ ಆಶ್ಚರ್ಯವಾದೀತು. ಆದರೆ ರೇಡಿಯೋ ಕನ್ನಡಿಗನಿಗೆ ಹೊರಗಿನ ವಸ್ತುವಲ್ಲ. 1935ರಲ್ಲಿ ಮೈಸೂರಿನಲ್ಲಿ ಮನಶ್ಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಎಂ. ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಲ್ಲಿಯೇ ಪ್ರಸಾರ ಕೇಂದ್ರವೊಂದನ್ನು ತೆರೆದರು. 'ಆಕಾಶವಾಣಿ' ಎಂಬ ಹೆಸರು ಆ ಮನೆಯಿಂದ ಹೊರಟು ಮುಂದೆ ಇಡೀ ದೇಶದ ಪ್ರಸಾರಕ್ಕೆ ಸಂದಿತು. ಸಂಬಳಕ್ಕಲ್ಲದೆ ಒಲವಿಗಾಗಿ ರೇಡಿಯೋವನ್ನು ಕೈಗೆತ್ತಿಕೊಂಡ ಆ ಪರಂಪರೆಯ ಒಂದು ಸಣ್ಣ ಕವಲು ನಮ್ಮಂಥ ಹವ್ಯಾಸಿಗಳು. ಲೋಕ ನಮ್ಮನ್ನು 'ಹ್ಯಾಮ್' ಎಂದು ಕರೆಯುತ್ತದೆ.

ಹೊಸದಾಗಿ ಲೈಸೆನ್ಸು ಪಡೆದ ತರುಣರು ನಮ್ಮಲ್ಲಿಗೆ ಬಂದು ಮತ್ತೆ ಮತ್ತೆ ಕೇಳುವ ಪ್ರಶ್ನೆಯೊಂದಿದೆ. "ಸರ್, ಹಳೆಯ ಸೆಟ್ಟೊಂದು ಕೈಗೆಟಕುವ ಬೆಲೆಗೆ ಸಿಕ್ಕಿದೆ. ಅದರಲ್ಲಿ ಫಿಲ್ಟರು ಹಾಕಲು ಒಂದು ಖಾಲಿ ಜಾಗ ಇದೆ. ಯಾವುದನ್ನು ಹಾಕಿಸಲಿ?" ಕೇಳುವವರು ಬಹುಮಟ್ಟಿಗೆ ಕಾಲೇಜಿನ ಹುಡುಗರು, ಇಲ್ಲವೆ ಮೊದಲ ನೌಕರಿಯ ಮೊದಲ ವರ್ಷದಲ್ಲಿರುವವರು. ಅವರ ಪಾಲಿಗೆ ಆ ಹಣ ಸಣ್ಣದಲ್ಲ. ಆದಕಾರಣ ಉತ್ತರವನ್ನು ಸ್ವಲ್ಪ ವಿಚಾರಮಾಡಿ ಹೇಳುವುದು ನಮ್ಮ ಹೊಣೆ.

ಮೊದಲು ಫಿಲ್ಟರು ಎಂದರೇನು ಎಂಬುದನ್ನು ನೋಡೋಣ. ನಮ್ಮಲ್ಲಿ ಮೈಸೂರಿನ ಕಡೆಯವರು ಜರಡಿ ಎನ್ನುತ್ತಾರೆ, ಧಾರವಾಡದ ಕಡೆಯವರು ಸಾಣಿಗೆ ಎನ್ನುತ್ತಾರೆ. ಹೆಸರು ಯಾವುದಾದರೂ ಕೆಲಸ ಒಂದೇ: ಬೇಕಾದದ್ದನ್ನು ಬಿಟ್ಟು ಬೇಡವಾದದ್ದನ್ನು ತಡೆಯುವುದು. ಏರಿಯಲ್ಲಿನ ತಂತಿಗೆ ಒಂದೇ ಹೊತ್ತಿನಲ್ಲಿ ನೂರಾರು ಕೇಂದ್ರಗಳ ಸಂಕೇತಗಳು ಬಂದು ತಾಕುತ್ತವೆ. ನಮಗೆ ಬೇಕಾದದ್ದು ಅವುಗಳಲ್ಲಿ ಒಂದು. ಅದರ ಎಡಬಲದಲ್ಲಿರುವವನ್ನು ತಡೆದು ಅದೊಂದನ್ನೇ ಮುಂದಕ್ಕೆ ಬಿಡುವ ಸಾಧನವೇ ಫಿಲ್ಟರು. ಮನೆಯಲ್ಲಿ ರವೆಗೆ ಒಂದು ಜರಡಿ, ಹಿಟ್ಟಿಗೆ ಇನ್ನೊಂದು. ರವೆಯ ಜರಡಿಯಲ್ಲಿ ಹಿಟ್ಟು ಹಾಕಿದರೆ ತೌಡೂ ಇಳಿಯುತ್ತದೆ. ಹಿಟ್ಟಿನ ಜರಡಿಯಲ್ಲಿ ರವೆ ಹಾಕಿದರೆ ಏನೂ ಇಳಿಯುವುದಿಲ್ಲ. ರೇಡಿಯೋದಲ್ಲಿಯೂ ಹಾಗೆಯೇ. ಸಿಂಗಲ್ ಸೈಡ್‌ಬ್ಯಾಂಡ್ ರೀತಿಯಲ್ಲಿ ಮಾತನಾಡುವವನ ದನಿ ಅರ್ಥವಾಗಬೇಕಾದರೆ ಎರಡು, ಎರಡೂಕಾಲು ಕಿಲೋಹರ್ಟ್ಸ್ ಅಗಲ ಬೇಕು. ಮೋರ್ಸ್ ಸಂಕೇತಕ್ಕಾದರೋ ನೂರು, ನೂರೈವತ್ತು ಹರ್ಟ್ಸ್ ಸಾಕು.

ಬರಿಯ ತತ್ತ್ವ ಹೇಳಿದರೆ ತಮಗೆ ಬೇಸರವಾದೀತು. ಒಂದು ನಿಜವಾದ ಯಂತ್ರವನ್ನೇ ತೆಗೆದುಕೊಳ್ಳೋಣ. ಜಪಾನಿನ ಯೇಸು ಕಂಪೆನಿಯ ಎಫ್‌ಟಿ-817 ಎಂಬುದು ಈ ಶತಮಾನದ ಆರಂಭದಲ್ಲಿ ಬಂದ ಸೆಟ್ಟು. ಅಂಗೈಗಿಂತ ಸ್ವಲ್ಪ ದೊಡ್ಡದು. ಬ್ಯಾಟರಿ, ಏರಿಯಲ್ಲು ಸೇರಿ 1.17 ಕಿಲೋ ತೂಕ. ಕಳುಹಿಸುವ ಶಕ್ತಿ 5 ವಾಟ್, ಎಂದರೆ ರಾತ್ರಿಯ ಸಣ್ಣ ದೀಪದಷ್ಟು. ಚೀಲದಲ್ಲಿ ಹಾಕಿಕೊಂಡು ಸಿಂಹಗಡವನ್ನು ಹತ್ತಬಹುದು. ಇದೂ ಇದರ ತಮ್ಮನಾದ ಎಫ್‌ಟಿ-818 ಕೂಡ ಈಗ ತಯಾರಾಗುತ್ತಿಲ್ಲ. ಆದರೂ ಹಳೆಯ ಸೆಟ್ಟುಗಳು ಕೈಯಿಂದ ಕೈಗೆ ದಾಟುತ್ತಲೇ ಇವೆ.

ಈ ಸೆಟ್ಟಿನಲ್ಲಿ ಕಾರ್ಖಾನೆಯವರೇ ಹಾಕಿದ ಸೆರಾಮಿಕ್ ಫಿಲ್ಟರೊಂದಿದೆ. ಅದರ ಅಗಲ 2.2 ಕಿಲೋಹರ್ಟ್ಸ್. ಮಾತಿಗೂ ಮೋರ್ಸಿಗೂ ಅದೊಂದೇ. ಅದರ ಜೊತೆಗೆ ಒಂದು, ಒಂದೇ ಒಂದು, ಖಾಲಿ ಜಾಗವಿದೆ. ಅಲ್ಲಿ ಕೂರಿಸಲು ಮೂರು ಬಗೆಯ ಫಿಲ್ಟರುಗಳು ಬಂದಿದ್ದವು. ಮಾತಿಗಾಗಿ ವೈಎಫ್-122ಎಸ್, ಅಗಲ 2.3 ಕಿಲೋಹರ್ಟ್ಸ್, ಮೋರ್ಸಿಗಾಗಿ ವೈಎಫ್-122ಸಿ, 500 ಹರ್ಟ್ಸ್, ಇನ್ನೂ ಇಕ್ಕಟ್ಟಿನದು ವೈಎಫ್-122ಸಿಎನ್, 300 ಹರ್ಟ್ಸ್. ಇದೇ ಮನೆತನದ ದೊಡ್ಡ ಸೆಟ್ಟುಗಳಾದ ಎಫ್‌ಟಿ-857, ಎಫ್‌ಟಿ-897ಗಳಲ್ಲಿ ಎರಡು ಜಾಗಗಳಿವೆ, ಅಲ್ಲಿ ಈ ಚಿಂತೆ ಅರ್ಧಕ್ಕಿಳಿಯುತ್ತದೆ. ಇಲ್ಲಿ ಒಂದನ್ನು ಹಿಡಿದರೆ ಇನ್ನೊಂದನ್ನು ಬಿಡಲೇಬೇಕು.

ಈ ಮೂರೂ ಅಮೆರಿಕೆಯ ಕಾಲಿನ್ಸ್ ಕಂಪೆನಿಯ ಮೆಕ್ಯಾನಿಕಲ್ ಫಿಲ್ಟರುಗಳು. ಅವುಗಳ ಒಳಗುಟ್ಟು ಸ್ವಾರಸ್ಯವಾಗಿದೆ. ವಿದ್ಯುತ್ ಸಂಕೇತವನ್ನು ಮೊದಲು ನಿಜವಾದ ಕಂಪನವನ್ನಾಗಿ ಮಾಡಿ ಲೋಹದ ಸಣ್ಣ ತುಂಡುಗಳ ಸಾಲೊಂದಕ್ಕೆ ಕೊಡುತ್ತಾರೆ. ತಾಳದ ಬಟ್ಟಲು ತನ್ನ ಶ್ರುತಿಗೆ ಮಾತ್ರ ಚೆನ್ನಾಗಿ ಮಿಡಿಯುವಂತೆ, ಆ ತುಂಡುಗಳು 455 ಕಿಲೋಹರ್ಟ್ಸಿನ ಆಸುಪಾಸಿಗೆ ಮಾತ್ರ ಮಿಡಿದು ಕಂಪನವನ್ನು ಮುಂದಿನ ತುಂಡಿಗೆ ದಾಟಿಸುತ್ತವೆ. ಕೊನೆಯಲ್ಲಿ ಕಂಪನ ಮತ್ತೆ ವಿದ್ಯುತ್ತಾಗುತ್ತದೆ. ಕಾಲಿನ್ಸ್‌ನವರು ಇದನ್ನು 1952ರಲ್ಲಿ ಮಾರುಕಟ್ಟೆಗೆ ತಂದರು. ಈಗ ಇದರ ತಯಾರಿಕೆಯೂ ನಿಂತಿದೆ. ಆದ್ದರಿಂದ ಕೊಳ್ಳುವುದಾದರೆ ಹಳೆಯದನ್ನೇ, ಮಾರುವವನು ಹೇಳಿದ ಬೆಲೆಗೇ ಕೊಳ್ಳಬೇಕಾಗುತ್ತದೆ. ಆಯ್ಕೆಯಲ್ಲಿ ಎಚ್ಚರ ಬೇಕೆಂದು ನಾವು ಹೇಳುವುದಕ್ಕೆ ಇದೂ ಒಂದು ಕಾರಣ.

ಈಗ ಮುಖ್ಯ ವಿಷಯಕ್ಕೆ ಬರೋಣ. ಮೊದಲನೆಯದಾಗಿ, ಮಾತಿನ ಫಿಲ್ಟರು. ಕಾರ್ಖಾನೆಯದು 2.2, ಕೊಂಡು ಹಾಕುವುದು 2.3. ಅಗಲದಲ್ಲಿ ಲಾಭವೇನೂ ಇಲ್ಲವೆಂದು ತಮಗೇ ಕಾಣುತ್ತದೆ. ವ್ಯತ್ಯಾಸವಿರುವುದು ಅಂಚಿನಲ್ಲಿ. ಜರಡಿಯ ಕಣ್ಣಿನ ಅಳತೆ ಒಂದೇ ಆದರೂ ಅಂಚು ಸಡಿಲವಾಗಿದ್ದರೆ ಅಲ್ಲಿಂದ ಕಲ್ಲು ಇಳಿಯುತ್ತದಷ್ಟೆ? ಕಾರ್ಖಾನೆಯ ಫಿಲ್ಟರು 4.5 ಕಿಲೋಹರ್ಟ್ಸ್ ಅಗಲದ ಆಚೆಗಿನದನ್ನು 60 ಡೆಸಿಬೆಲ್ ತಗ್ಗಿಸುತ್ತದೆ. ಮೆಕ್ಯಾನಿಕಲ್ ಫಿಲ್ಟರು 4.7ರ ಆಚೆಗಿನದನ್ನು 66 ಡೆಸಿಬೆಲ್ ತಗ್ಗಿಸುತ್ತದೆ. ಪಕ್ಕದಲ್ಲಿ ಬಲವಾದ ಕೇಂದ್ರವಿದ್ದಾಗ ಈ ಆರು ಡೆಸಿಬೆಲ್ಲಿನ ಅಂತರ ಕಿವಿಗೆ ತಿಳಿಯುತ್ತದೆ. ಸಾಯಂಕಾಲ 7 ಮೆಗಾಹರ್ಟ್ಸಿನಲ್ಲಿ ಸಂದಣಿ ಕಟ್ಟಿದಾಗ ಅದರ ಬೆಲೆ ಗೊತ್ತಾದೀತು. ಆದರೆ ಉಳಿದ ಹೊತ್ತಿನಲ್ಲಿ, ಅಷ್ಟು ಹಣ ಕೊಟ್ಟವನು ನಿರೀಕ್ಷಿಸುವಷ್ಟು ಬದಲಾವಣೆ ಕಾಣುವುದಿಲ್ಲ.

ಎರಡನೆಯದಾಗಿ, 500 ಹರ್ಟ್ಸಿನ ಮೋರ್ಸ್ ಫಿಲ್ಟರು. ಇಲ್ಲಿ ಲೆಕ್ಕವೇ ಬೇರೆ. ಆಕಾಶದ ಗೊರಗೊರ ಶಬ್ದ ಎಲ್ಲ ಕಡೆಯೂ ಸಮನಾಗಿ ಹರಡಿರುವುದರಿಂದ, ಜರಡಿ ಎಷ್ಟು ಕಿರಿದಾದರೆ ಅಷ್ಟು ಕಡಮೆ ಶಬ್ದ ಒಳಗೆ ಬರುತ್ತದೆ. 2200ರಿಂದ 500ಕ್ಕೆ ಇಳಿದರೆ ಶಬ್ದದ ಶಕ್ತಿ ನಾಲ್ಕನೆಯ ಒಂದು ಪಾಲಿಗಿಂತಲೂ ಕಡಮೆಯಾಗುತ್ತದೆ. ಡೆಸಿಬೆಲ್ಲಿನಲ್ಲಿ ಸುಮಾರು 6.4. ಆಚೆಯವನು ತನ್ನ 5 ವಾಟನ್ನು 20ಕ್ಕೆ ಏರಿಸಿದಷ್ಟು ಉಪಕಾರ, ಅವನ ಬ್ಯಾಟರಿಗೆ ಭಾರವಿಲ್ಲದೆ! ನುರಿತ ಕಿವಿಯು ತಾನೇ ಒಂದು ಜರಡಿಯಾದ್ದರಿಂದ ಅನುಭವದಲ್ಲಿ ಅಷ್ಟೂ ಲಾಭ ಕಾಣದು. ಆದರೂ ಗಂಟೆಗಟ್ಟಲೆ ಕೇಳುವವನ ಆಯಾಸ ತಗ್ಗುತ್ತದೆ.

ಇದಕ್ಕಿಂತ ದೊಡ್ಡ ಲಾಭ ಇನ್ನೊಂದಿದೆ. ಸೆಟ್ಟಿನೊಳಗೆ ಬಲವಾದ ಸಂಕೇತ ಬಂದಾಗ ತಾನೇ ತಾನಾಗಿ ಸದ್ದನ್ನು ತಗ್ಗಿಸುವ ಏರ್ಪಾಡಿರುತ್ತದೆ; ಎ.ಜಿ.ಸಿ. ಎಂದು ಅದರ ಹೆಸರು. ಅಗಲವಾದ ಫಿಲ್ಟರಿನ ಮೂಲಕ ಪಕ್ಕದ ಬಲಶಾಲಿ ಒಳಗೆ ಬಂದರೆ, ಅವನು ಒತ್ತಿದಾಗಲೆಲ್ಲ ಈ ಏರ್ಪಾಡು ಸೆಟ್ಟನ್ನೇ ಕುಗ್ಗಿಸುತ್ತದೆ. ನಾವು ಕೇಳುತ್ತಿದ್ದ ದುರ್ಬಲ ದನಿ ಅದರೊಡನೆ ಮುಳುಗುತ್ತದೆ. ಸಭೆಯಲ್ಲಿ ಒಬ್ಬ ಕೂಗಿದನೆಂದು ಅಧ್ಯಕ್ಷರು ಎಲ್ಲರ ಬಾಯಿಯನ್ನೂ ಮುಚ್ಚಿಸಿದ ಹಾಗೆ. ಫಿಲ್ಟರು ಈ ಏರ್ಪಾಡಿಗಿಂತ ಮುಂಚೆಯೇ ಕುಳಿತಿರುವುದರಿಂದ ಕೂಗುವವನನ್ನು ಬಾಗಿಲಲ್ಲೇ ನಿಲ್ಲಿಸುತ್ತದೆ. ಹೊರಗಿನಿಂದ ಇಯರ್‌ಫೋನಿಗೆ ಸೇರಿಸುವ ಆಡಿಯೋ ಫಿಲ್ಟರು ಅಗ್ಗವೇನೋ ಹೌದು, ಶಬ್ದವನ್ನು ಸೋಸುವುದೂ ಹೌದು. ಆದರೆ ಅದು ಇರುವುದು ಕೊನೆಯಲ್ಲಿ. ಒಳಗೆ ಮುಳುಗಿಹೋದ ದನಿಯನ್ನು ಅದು ಮೇಲೆತ್ತಲಾರದು.

ಹಾಗಾದರೆ 300 ಹರ್ಟ್ಸಿನದು ಇನ್ನೂ ಉತ್ತಮವಲ್ಲವೇ ಎಂದು ಕೇಳಬಹುದು. ಶಬ್ದ ಇನ್ನೂ ಎರಡು ಡೆಸಿಬೆಲ್ಲಿನಷ್ಟು ಇಳಿಯುವುದು ನಿಜ. ಆದರೆ ಅಷ್ಟು ಇಕ್ಕಟ್ಟಿನ ಫಿಲ್ಟರಿನಲ್ಲಿ ಚುಕ್ಕೆ-ಗೆರೆಗಳ ಕೊನೆ ಗಂಟೆಯ ನಾದದಂತೆ ಎಳೆಯುತ್ತದೆ. ನಮ್ಮ ಕರೆಗೆ ಉತ್ತರ ಕೊಡುವವನು ಸ್ವಲ್ಪ ಪಕ್ಕಕ್ಕೆ ನಿಂತು ಕರೆದರೆ ನಮಗೆ ಕೇಳಿಸುವುದೇ ಇಲ್ಲ. ಮೇಲಾಗಿ ಎಫ್‌ಟಿ-817ರ ಸ್ಥಿರತೆ ಹತ್ತು ಲಕ್ಷಕ್ಕೆ ನಾಲ್ಕು ಪಾಲಿನಷ್ಟು ಆಚೀಚೆ. 7 ಮೆಗಾಹರ್ಟ್ಸಿನಲ್ಲಿ ಇದು 28 ಹರ್ಟ್ಸ್, ಚಿಂತೆಯಿಲ್ಲ. ಆದರೆ 144 ಮೆಗಾಹರ್ಟ್ಸಿನಲ್ಲಿ ಅದೇ 576 ಹರ್ಟ್ಸ್ ಆಗುತ್ತದೆ; ಫಿಲ್ಟರಿನ ಅಗಲವನ್ನೇ ಮೀರಿತು! ಸ್ಪರ್ಧೆಗಳ ಸಂದಣಿಯಲ್ಲಿ ಮೋರ್ಸ್ ಬಿಟ್ಟು ಬೇರೇನೂ ಮಾಡದವನಿಗೆ ಮಾತ್ರ 300 ಹರ್ಟ್ಸಿನದು ಸಲ್ಲುತ್ತದೆ ಎಂಬುದು ನಮ್ಮ ಮತ.

ಆದ್ದರಿಂದ ನಮ್ಮ ಸಲಹೆ ಹೀಗಿದೆ. ಮಾತೂ ಬೇಕು, ಮೋರ್ಸೂ ಬೇಕು ಎನ್ನುವವರು 500 ಹರ್ಟ್ಸಿನದನ್ನು ಹಾಕಿಸಲಿ. ಮಾತಿನ ಜರಡಿ ಸೆಟ್ಟಿನಲ್ಲಿ ಆಗಲೇ ಇದೆ. ಮನೆಯಲ್ಲಿ ರವೆ ಜರಡಿ ಇರುವವರು ಸಂತೆಯಿಂದ ತರಬೇಕಾದದ್ದು ಹಿಟ್ಟಿನ ಜರಡಿಯನ್ನು. ಮೋರ್ಸ್ ಪರೀಕ್ಷೆಯಿಲ್ಲದ ರಿಸ್ಟ್ರಿಕ್ಟೆಡ್ ದರ್ಜೆಯ ಲೈಸೆನ್ಸು ಪಡೆದು, ಮೋರ್ಸ್ ಕಲಿಯುವ ಮನಸ್ಸೂ ಇಲ್ಲದವರು ಸದ್ಯಕ್ಕೆ ಯಾವ ಫಿಲ್ಟರನ್ನೂ ಕೊಳ್ಳಬೇಕಾಗಿಲ್ಲ. ಆ ಹಣದಲ್ಲಿ ಒಳ್ಳೆಯ ತಂತಿ ಕೊಂಡು, 7 ಮೆಗಾಹರ್ಟ್ಸಿಗೆ ಇಪ್ಪತ್ತು ಮೀಟರಿನ ಏರಿಯಲ್ಲನ್ನು ಎತ್ತರದಲ್ಲಿ ಕಟ್ಟಲಿ. ಎಫ್‌ಟಿ8 ಎಂಬ, ಕಂಪ್ಯೂಟರಿನಿಂದ ನಡೆಯುವ ರೀತಿಯನ್ನು ಮೆಚ್ಚಿದವರಿಗೂ ಇದೇ ಮಾತು. ಅಲ್ಲಿ ಒಂದೊಂದು ಸಂಕೇತ 50 ಹರ್ಟ್ಸಿನಷ್ಟೇ ಆದರೂ ಹತ್ತಾರನ್ನು ಒಟ್ಟಿಗೆ ನೋಡಬೇಕಾದ್ದರಿಂದ ಅಗಲವಾದ ಜರಡಿಯೇ ಬೇಕು.

ಫಿಲ್ಟರು ಮಾಡಲಾರದ್ದನ್ನೂ ಹೇಳಿಬಿಡಬೇಕು. ನಮ್ಮ ಪೇಟೆಯ ಮನೆಗಳಲ್ಲಿ ಎಲ್‌ಇಡಿ ದೀಪ, ಇನ್ವರ್ಟರು, ಚಾರ್ಜರುಗಳು ಎಬ್ಬಿಸುವ ಗದ್ದಲ ನಮಗೆ ಬೇಕಾದ ಸಂಕೇತದ ಮೇಲೆಯೇ ಬಂದು ಕೂರುತ್ತದೆ. ಹಿಟ್ಟಿನಷ್ಟೇ ಸಣ್ಣದಾದ ಮರಳನ್ನು ಯಾವ ಜರಡಿ ತಾನೇ ತೆಗೆದೀತು? ಅದಕ್ಕೆ ಮದ್ದು ಸೆಟ್ಟನ್ನು ಹೆಗಲಿಗೇರಿಸಿ ಬೆಟ್ಟಕ್ಕೆ ಹೋಗುವುದು. ಪುಣೆಯವರಿಗೆ ಸಹ್ಯಾದ್ರಿ ಬಾಗಿಲಲ್ಲೇ ಇದೆ.

ಕೂರಿಸುವುದು ಕಷ್ಟವಲ್ಲ, ಬೆಸುಗೆ ಬೇಕಿಲ್ಲ. ವಿದ್ಯುತ್ತನ್ನೂ ಬ್ಯಾಟರಿಯನ್ನೂ ತೆಗೆದು, ಕೈಯಲ್ಲಿನ ಸ್ಥಾಯೀ ವಿದ್ಯುತ್ತು ಹರಿದುಹೋಗಲು ನೆಲಕ್ಕೆ ತಾಗಿದ ಲೋಹವನ್ನು ಮುಟ್ಟಿ, ಮೇಲಿನ ಮುಚ್ಚಳ ಬಿಚ್ಚಿ, ಸ್ಪೀಕರಿನ ತಂತಿಯನ್ನು ಮೆಲ್ಲಗೆ ಕಳಚಿ, ಫಿಲ್ಟರನ್ನು ಅದರ ಜಾಗದಲ್ಲಿ ಒತ್ತಿದರೆ ಆಯಿತು. ಆಮೇಲೆ ಮೆನುವಿನಲ್ಲಿ ಹಾಕಿದ್ದು ಮಾತಿನದೋ ಮೋರ್ಸಿನದೋ ಎಂದು ತಿಳಿಸಬೇಕು. ತಿಳಿಸದಿದ್ದರೆ ಅದು ಇದ್ದೂ ಇಲ್ಲದಂತೆ.

ಹೊಸ ಸೆಟ್ಟುಗಳಲ್ಲಿ ಈ ಪ್ರಶ್ನೆ ಬಹುಮಟ್ಟಿಗೆ ಮಾಯವಾಗಿದೆ. 2020ರಲ್ಲಿ ಬಂದ ಐಕಾಮ್ ಐಸಿ-705ರಲ್ಲಿ ಸೋಸುವ ಕೆಲಸವೆಲ್ಲ ಗಣಿತದಿಂದಲೇ ನಡೆಯುತ್ತದೆ. ಗುಂಡಿ ತಿರುಗಿಸಿದಂತೆ ಅಗಲ ಬದಲಾಗುತ್ತದೆ. ಅದನ್ನು ಕೊಳ್ಳಬಲ್ಲವರು ಸಂತೋಷವಾಗಿ ಕೊಳ್ಳಲಿ. ಆದರೆ ಹಳೆಯ ಸೆಟ್ಟಿನಿಂದ ಆರಂಭಿಸುವ ಹುಡುಗರಿಗೆ ಜರಡಿಯ ವಿವೇಕ ಇನ್ನೂ ಬೇಕಾಗಿದೆ.

ಇಷ್ಟು ಸಣ್ಣ ವಿಷಯಕ್ಕೆ ಇಷ್ಟು ಮಾತೇಕೆ ಎಂದು ತಾವು ಕೇಳಬಹುದು. 2004ರ ಡಿಸೆಂಬರ್ 26ರಂದು ಸುನಾಮಿ ಬಂದಾಗ ಹೈದರಾಬಾದಿನ ರಾಷ್ಟ್ರೀಯ ಹವ್ಯಾಸಿ ರೇಡಿಯೋ ಸಂಸ್ಥೆಯ ಭಾರತಿ ಪ್ರಸಾದ್ ಅವರ ತಂಡ ಪೋರ್ಟ್‌ಬ್ಲೇರಿನಲ್ಲಿ ರೇಡಿಯೋ ಹೂಡಿಕೊಂಡಿತ್ತು. ದೂರದೇಶಗಳ ಹವ್ಯಾಸಿಗಳೊಡನೆ ಮಾತನಾಡಲು ಹೋದವರು ಕ್ಷೇಮಸಮಾಚಾರಗಳನ್ನು ಮುಟ್ಟಿಸುವ ಕೆಲಸಕ್ಕೆ ನಿಂತರು. ಅಂಥ ಹೊತ್ತಿನಲ್ಲಿ ಆಚೆಯವನ ಶಕ್ತಿಯನ್ನು ಹೆಚ್ಚಿಸುವುದು ನಮ್ಮ ಕೈಯಲ್ಲಿಲ್ಲ. ಅವನ ಬ್ಯಾಟರಿ ಸಾಯುತ್ತಿರಬಹುದು, ಅವನ ತಂತಿ ನೆಲಕ್ಕೆ ಬಿದ್ದಿರಬಹುದು. ನಮ್ಮ ಕೈಯಲ್ಲಿರುವುದು ಚೆನ್ನಾಗಿ ಕೇಳಿಸಿಕೊಳ್ಳುವುದೊಂದೇ. ಎಲ್ಲರೂ ಏರಿದ ದನಿಯಲ್ಲಿ ಮಾತನಾಡುವ ಈ ಕಾಲದಲ್ಲಿ, ದುರ್ಬಲನ ದನಿಯನ್ನು ಗದ್ದಲದಿಂದ ಬೇರ್ಪಡಿಸಿ ಕೇಳುವ ಅಭ್ಯಾಸವನ್ನು ನಮ್ಮ ಮಕ್ಕಳು ಒಂದು ಆಟದಿಂದ ಕಲಿಯುವುದಾದರೆ, ಆ ಆಟಕ್ಕೆ ನಾವು ಹಿರಿಯರು ಸ್ವಲ್ಪ ಹಣವನ್ನೂ ಸ್ವಲ್ಪ ಹೊತ್ತನ್ನೂ ಕೊಡಬಹುದು.

ನಮ್ಮ ದೇಶದಲ್ಲಿ ಹನ್ನೆರಡು ವರ್ಷ ತುಂಬಿದವರು ಹವ್ಯಾಸಿ ಲೈಸೆನ್ಸಿನ ಪರೀಕ್ಷೆಗೆ ಕೂರಬಹುದು. ಲೈಸೆನ್ಸಿಲ್ಲದೆ ಮಾತ್ರ ಯಾರೂ ಕಳುಹಿಸುವ ಗುಂಡಿಯನ್ನು ಒತ್ತಕೂಡದು. ಆಸಕ್ತಿಯುಳ್ಳ ಮಕ್ಕಳು ಬಂದರೆ ಕಲಿಸಲು ನಾವು ಸಿದ್ಧರಿದ್ದೇವೆ. ತಂದೆತಾಯಿಗಳೂ ಜೊತೆಗೆ ಬರಲಿ.