ಕಾಡು ಸೆಲರಿ ಮತ್ತು ಅಮ್ಮನ ಒಂದೆಲಗ



ಕಳೆದ ಮಳೆಗಾಲದಲ್ಲಿ ಅಮ್ಮ ಸಾಗರದಿಂದ ಡೊಂಬಿವಲಿಗೆ ಬಂದಿದ್ದಳು. ಒಂದು ಸಂಜೆ ಸ್ಟೇಷನ್ನಿನಿಂದ ನಡೆದು ಬರುವಾಗ ಮೋರಿಯ ಅಂಚಿನಲ್ಲಿ ಥಟ್ಟನೆ ಬಗ್ಗಿದಳು. “ನೋಡೇ, ಒಂದೆಲಗ! ಇಲ್ಲೇ ಇಷ್ಟು ಬೆಳೆದಿರುವಾಗ ನೀವು ದುಡ್ಡು ಕೊಟ್ಟು ಸೊಪ್ಪು ತರ್ತೀರಲ್ಲ!” ನಾನು ಬೇಡವೆಂದೆ. ರಾತ್ರಿ ಊಟದವರೆಗೂ ಅಮ್ಮ ಮಾತಾಡಲಿಲ್ಲ.

ಆ ಒಂದೆಲಗಕ್ಕೆ ದೂರದ ನೆಂಟನೊಬ್ಬನಿದ್ದಾನೆ, ಕಾಡು ಸೆಲರಿ. ನೂಡಲ್ಸ್, ಸೂಪಿನಲ್ಲಿ ನಾವು ತಿನ್ನುವ ದಪ್ಪ ದಂಟಿನ ಸೆಲರಿಯ ಪೂರ್ವಜ ಇದು. ಕೊತ್ತಂಬರಿ, ಜೀರಿಗೆ, ಓಮ, ಗಜ್ಜರಿ ಎಲ್ಲವೂ ಇದೇ ಬಳಗ. ಯೂರೋಪಿನ ಕಡಲತೀರದ ಉಪ್ಪು ಜವುಗಿನಲ್ಲಿ ತಾನಾಗಿ ಬೆಳೆಯುತ್ತದೆ. ದಂಟು ಸಪೂರ, ವಾಸನೆ ಜೋರು, ರುಚಿ ಕಹಿ. ಹೀಗಾಗಿ ಪಲ್ಯಕ್ಕಿಂತ ಸಾರಿನ ಘಮಕ್ಕೇ ನಾಲ್ಕೆಲೆ ಸಾಕು. ಪ್ರಾಚೀನ ಗ್ರೀಸಿನ ನೆಮಿಯಾ ಕ್ರೀಡಾಕೂಟದಲ್ಲಿ ಗೆದ್ದವರ ತಲೆಗೆ ಇದರದೇ ಕಿರೀಟ!

1769ರಲ್ಲಿ ಕ್ಯಾಪ್ಟನ್ ಜೇಮ್ಸ್ ಕುಕ್‌ನ ‘ಎಂಡೆವರ್’ ಹಡಗು ನ್ಯೂಜಿಲೆಂಡ್ ಮುಟ್ಟಿತು. ತಿಂಗಳುಗಟ್ಟಲೆ ತಾಜಾ ಸೊಪ್ಪು, ಹಣ್ಣು ಸಿಗದ ನಾವಿಕರ ವಸಡಿನಲ್ಲಿ ರಕ್ತ ಸೋರುವ ಸ್ಕರ್ವಿ ರೋಗ ಆಗ ಹಡಗುಗಳ ಯಮ. ‘ವಿಟಮಿನ್ ಸಿ’ ಎಂಬ ಹೆಸರೇ ಇನ್ನೂ ಹುಟ್ಟಿರಲಿಲ್ಲ. ಕುಕ್ ದಡದಲ್ಲಿ ಸಿಕ್ಕ ಸೆಲರಿಯ ಹತ್ತಿರದ ಬಂಧುವನ್ನು ಕೀಳಿಸಿ, ಓಟ್ಸ್ ಹಿಟ್ಟು ಮತ್ತು ಒಣಗಿಸಿಟ್ಟ ಸೂಪಿನೊಡನೆ ಬೇಯಿಸಿ, ಬೆಳಗಿನ ತಿಂಡಿಗೆ ಬಡಿಸಿದ. ದಡದ ಕಳೆ ಅನ್ನಿಸಿದ್ದು ಔಷಧವಾಯಿತು.

ಆದರೆ ಈ ಬಳಗದಲ್ಲಿ ಕೊಲೆಗಡುಕರೂ ಇದ್ದಾರೆ. ಸಾಕ್ರಟೀಸನಿಗೆ ಕುಡಿಸಿದ ಹೆಮ್ಲಾಕ್ ಇದೇ ಕುಲದ್ದು. ಬ್ರಿಟನ್ನಿನ ಹಳ್ಳಗಳಲ್ಲಿ ಬೆಳೆಯುವ ವಾಟರ್ ಡ್ರಾಪ್‌ವರ್ಟ್ ಎಂಬ ಗಿಡದ ಎಲೆ ಸೆಲರಿಯಂತೆಯೇ ಕಾಣುತ್ತದೆ, ಹೂವೂ ಅದೇ ಬಿಳಿ ಛತ್ರಿ. ಅದರ ಗಡ್ಡೆ ತಿಂದರೆ ಫಿಟ್ಸ್ ಬಂದು ಪ್ರಾಣವೇ ಹೋಗಬಹುದು. ಅಲ್ಲಿನ ಬಲ್ಲವರು ಈ ಜಾತಿಯ ಗಿಡವನ್ನು ಅನುಮಾನವಿದ್ದರೆ ಮುಟ್ಟುವುದೇ ಇಲ್ಲ.

ಅಮ್ಮ ಗಿಡ ಗುರುತಿಸುವುದರಲ್ಲಿ ತಪ್ಪಲಿಲ್ಲ, ಮಿತ್ರರೇ. ಅದು ಒಂದೆಲಗವೇ. ತಪ್ಪಿದ್ದು ಜಾಗ. ಊರಿನ ತೋಟದ ಕಾಲುವೆ ಬೇರೆ, ಶಹರದ ಮೋರಿ ಬೇರೆ. ಜವುಗಿನ ಗಿಡ ನಿಂತ ನೀರಿನಲ್ಲಿರುವ ಸೀಸದಂಥ ಲೋಹಗಳನ್ನೂ ಹೀರಿಕೊಳ್ಳಬಲ್ಲದು. ಎಲೆಯನ್ನು ಎಷ್ಟು ತೊಳೆದರೂ ಒಳಗಿನದು ಹೋಗದು. ಮೇಲಾಗಿ ನಮ್ಮ ಮನೆಯಲ್ಲಿ ತಂಬುಳಿಗೆ ಎಲೆಯನ್ನು ಹಸಿಯಾಗಿಯೇ ಕಾಯಿ, ಜೀರಿಗೆಯೊಡನೆ ಅರೆದು ಮಜ್ಜಿಗೆಗೆ ಕಲಸುವುದು. ರೋಗಾಣುಗಳನ್ನು ಕೊಲ್ಲಲು ಒಲೆಯ ಬೆಂಕಿಯೂ ಇಲ್ಲ.

ಇದನ್ನೆಲ್ಲ ಹೇಳಿದಾಗ ಅಮ್ಮ ಸುಮ್ಮನೆ ಕೇಳಿಸಿಕೊಂಡಳು. ದೀಪಾವಳಿಗೆ ಮತ್ತೆ ಬಂದಾಗ ಚೀಲದಿಂದ ಒದ್ದೆ ಬಟ್ಟೆಯಲ್ಲಿ ಸುತ್ತಿದ ಬಳ್ಳಿ ತೆಗೆದಳು. ನಮ್ಮ ತೋಟದ್ದು. ಬೇರು ಬಿಟ್ಟ ಒಂದು ಗೆಣ್ಣು, ಅಗಲ ಕುಂಡ, ಒದ್ದೆ ಮಣ್ಣು, ಅರೆನೆರಳು, ಇಷ್ಟೇ ಬೇಕಾದ್ದು. ಈಗ ಅಡುಗೆಮನೆಯ ಕಿಟಕಿಯ ಗ್ರಿಲ್ಲಿನಲ್ಲಿ ಕುಂಡ ತುಂಬಿ ಇಳಿಬಿದ್ದಿದೆ.

ನಿಮ್ಮ ಊರಿನವರು ಯಾರಾದರೂ ಬರುವವರಿದ್ದರೆ ಒಂದು ಗೆಣ್ಣು ತರಲು ಹೇಳಿ. ತಂಬುಳಿ ಮಾಡಿದ ದಿನ ನಮ್ಮನ್ನೂ ನೆನೆಸಿಕೊಳ್ಳಿ.