ಅರವತ್ನಾಲ್ಕು ಮನೆ ನಂಬಿ ಒಂದು ಮನೆ ನಡೆದೀತೆ?



ಚದುರಂಗದ ಮಣೆಯ ಮೇಲೆ ಅರವತ್ನಾಲ್ಕು ಮನೆಗಳಿವೆ. ಆ ಅರವತ್ನಾಲ್ಕು ಮನೆಗಳನ್ನೇ ನಂಬಿಕೊಂಡು ನಾವು ಬಾಳುವ ಒಂದು ಮನೆಯನ್ನು ನಡೆಸಲು ಸಾಧ್ಯವೇ? 2024ರ ಡಿಸೆಂಬರ್‌ನಲ್ಲಿ ಸಿಂಗಪುರದಲ್ಲಿ ಹದಿನೆಂಟು ವರ್ಷದ ಗುಕೇಶ್ ಅವರು ಚೀನಾದ ಡಿಂಗ್ ಲಿರೆನ್ ಅವರನ್ನು ಸೋಲಿಸಿ ವಿಶ್ವ ಚಾಂಪಿಯನ್ ಆದರು. ಅಂದಿನಿಂದ ಈ ಪ್ರಶ್ನೆ ಅನೇಕ ಮನೆಗಳಲ್ಲಿ ಊಟದ ಹೊತ್ತಿಗೆ ಏಳುತ್ತಿದೆ. ನಿಮ್ಮಲ್ಲೂ ಕೆಲವರು ಅಪ್ಪ ಅಮ್ಮನ ಮುಂದೆ ಇದನ್ನು ಇಟ್ಟಿರಬಹುದು. ಇಂದು ಸ್ವಲ್ಪ ಹೊತ್ತು ಇದನ್ನೇ ಲೆಕ್ಕ ಹಾಕೋಣ.

ಮೊದಲು ಎಲ್ಲರ ಕಣ್ಣಿಗೆ ಬಿದ್ದ ಅಂಕಿಯನ್ನು ನೋಡಿ. ಸಿಂಗಪುರದ ಪಂದ್ಯದ ಒಟ್ಟು ಬಹುಮಾನ ನಿಧಿ 25 ಲಕ್ಷ ಡಾಲರ್. ಗೆದ್ದ ಒಂದೊಂದು ಆಟಕ್ಕೆ 2 ಲಕ್ಷ ಡಾಲರ್, ಉಳಿದ ಹಣ ಇಬ್ಬರಿಗೂ ಸಮಪಾಲು ಎಂಬುದು ನಿಯಮ. ಗುಕೇಶ್ ಮೂರು ಆಟ ಗೆದ್ದರು, ಡಿಂಗ್ ಎರಡು. ಹೀಗಾಗಿ ಗುಕೇಶ್ ಪಾಲಿಗೆ ಬಂದದ್ದು 13.5 ಲಕ್ಷ ಡಾಲರ್, ಸೋತ ಡಿಂಗ್ ಪಾಲಿಗೆ 11.5 ಲಕ್ಷ ಡಾಲರ್. ಇದನ್ನು ಪತ್ರಿಕೆಯಲ್ಲಿ ಓದಿದ ಹುಡುಗನೊಬ್ಬ ಪಾಠದ ಪುಸ್ತಕ ಮಡಚಿಟ್ಟು ಮಣೆ ಬಿಡಿಸಿ ಕುಳಿತರೆ ಆಶ್ಚರ್ಯವಿಲ್ಲ. ಆದರೆ ಇದು ಗೋಪುರದ ಕಳಶ. ಕಳಶವನ್ನು ನೋಡಿ ಬೆಟ್ಟದ ಮೆಟ್ಟಿಲು ಎಷ್ಟೆಂದು ಹೇಳಲಾಗದು. ಮೆಟ್ಟಿಲುಗಳನ್ನು ಎಣಿಸಿಯೇ ತಿಳಿಯಬೇಕು.

ಚದುರಂಗ ಹುಟ್ಟಿದ್ದು ನಮ್ಮ ದೇಶದಲ್ಲಿ. ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರು ಕುದುರೆಯ ನಡೆಯಿಂದ ಮಣೆಯ ಎಲ್ಲ ಮನೆಗಳನ್ನೂ ಸುತ್ತಿಬರುವ ಚಮತ್ಕಾರದ ಬಂಧಗಳನ್ನು ರಚಿಸಿದವರು. ಆದರೆ ಅವರಿಗೆ ಆಟವೆಂದರೆ ವಿನೋದ, ಹೊಟ್ಟೆಪಾಡಲ್ಲ. ಆಟವನ್ನೇ ಹೊಟ್ಟೆಪಾಡು ಮಾಡಿಕೊಂಡವರ ಕಥೆ ಬೇರೆ. 1886ರಲ್ಲಿ ಮೊದಲ ವಿಶ್ವ ಚಾಂಪಿಯನ್ ಎನಿಸಿದ ವಿಲ್ಹೆಲ್ಮ್ ಸ್ಟೈನಿಟ್ಜ್ 1900ರಲ್ಲಿ ನ್ಯೂಯಾರ್ಕ್‌ನಲ್ಲಿ ಬಡತನದಲ್ಲೇ ತೀರಿಕೊಂಡರು. ಅವಿಭಜಿತ ಪಂಜಾಬಿನ ಮೀರ್ ಸುಲ್ತಾನ್ ಖಾನ್ ತಮ್ಮ ಒಡೆಯರಾದ ಸರ್ ಉಮರ್ ಹಯಾತ್ ಖಾನ್ ಅವರ ಜೊತೆ ಇಂಗ್ಲೆಂಡಿಗೆ ಹೋಗಿ 1929, 1932 ಮತ್ತು 1933ರಲ್ಲಿ ಬ್ರಿಟಿಷ್ ಚಾಂಪಿಯನ್ ಆದರು. ಒಡೆಯರು ಊರಿಗೆ ಹೊರಟಾಗ ಅವರೂ ಹೊರಟರು. ಅಲ್ಲಿಗೆ ಅವರ ಆಟ ಮುಗಿಯಿತು. ವಿಶ್ವ ಚೆಸ್ ಸಂಸ್ಥೆ ಅವರಿಗೆ ಗೌರವ ಗ್ರ್ಯಾಂಡ್‌ಮಾಸ್ಟರ್ ಪದವಿ ನೀಡಿದ್ದು 2024ರಲ್ಲಿ. ಅಷ್ಟರಲ್ಲಿ ಅವರು ಕಾಲವಾಗಿ ಸುಮಾರು ಐವತ್ತೆಂಟು ವರ್ಷ ಸಂದಿತ್ತು. ಪ್ರತಿಭೆ ಎಷ್ಟೇ ದೊಡ್ಡದಿರಲಿ, ಅನ್ನ ಒಬ್ಬರ ಕೈಯಲ್ಲಿದ್ದರೆ ಆಟವೂ ಅವರ ಕೈಯಲ್ಲೇ ಇರುತ್ತದೆ.

ಸ್ವತಂತ್ರ ಭಾರತದಲ್ಲಿ ಆ ಒಡೆಯರ ಜಾಗಕ್ಕೆ ಬಂದದ್ದು ಕಚೇರಿಯ ನೌಕರಿ. 1961ರಲ್ಲಿ ನಮ್ಮ ದೇಶದ ಮೊದಲ ಇಂಟರ್‌ನ್ಯಾಷನಲ್ ಮಾಸ್ಟರ್ ಆದ ಮ್ಯಾನುಯೆಲ್ ಆರನ್ ಬ್ಯಾಂಕಿನ ಉದ್ಯೋಗಿ. ರೈಲ್ವೆ, ತೈಲ ಕಂಪನಿಗಳು, ಬ್ಯಾಂಕುಗಳು ಕ್ರೀಡಾ ಕೋಟಾದಲ್ಲಿ ಆಟಗಾರರನ್ನು ತೆಗೆದುಕೊಂಡು ಸಂಬಳ ಕೊಟ್ಟು ಆಡಲು ರಜೆ ಕೊಟ್ಟವು. ಮಹಿಳೆಯರ ವಿಶ್ವ ರ‍್ಯಾಪಿಡ್ ಪಟ್ಟವನ್ನು 2019 ಮತ್ತು 2024ರಲ್ಲಿ ಗೆದ್ದ ಕೊನೇರು ಹಂಪಿ ಅವರು ತೈಲ ಮತ್ತು ನೈಸರ್ಗಿಕ ಅನಿಲ ನಿಗಮದ ಉದ್ಯೋಗಿ. 2017ರಲ್ಲಿ ಕರ್ನಾಟಕದ ಮೊದಲ ಗ್ರ್ಯಾಂಡ್‌ಮಾಸ್ಟರ್ ಆದ ಮೈಸೂರಿನ ತೇಜ್‌ಕುಮಾರ್ ಅವರು ರೈಲ್ವೆಯಲ್ಲಿ ಕೆಲಸ ಮಾಡುತ್ತಲೇ ಆ ಪದವಿಗೆ ಏರಿದವರು. ಹೆಸರು ಬಂದದ್ದು ಮಣೆಯಿಂದಲೇ. ಆದರೆ ತಿಂಗಳ ಅಕ್ಕಿ ಬೇಳೆಗೆ ಸಂಬಳದ ಆಸರೆಯೂ ಇತ್ತು.

ಹಾಗಾದರೆ ಬಹುಮಾನದ ಹಣದಿಂದ ಬದುಕಲಾಗದೇ? ಒಂದು ಟೂರ್ನಿಯನ್ನು ಕಲ್ಪಿಸಿಕೊಳ್ಳಿ. ಈ ಅಂಕಿಗಳು ಲೆಕ್ಕ ತಿಳಿಯಲೆಂದು ನಾನು ಇಟ್ಟುಕೊಂಡವು. ಒಂಬತ್ತು ಸುತ್ತಿನ ಓಪನ್ ಟೂರ್ನಿ, ಮುನ್ನೂರು ಆಟಗಾರರು. ಮೊದಲ ಐದು ಬಹುಮಾನ ಕ್ರಮವಾಗಿ 3 ಲಕ್ಷ, 2 ಲಕ್ಷ, ಒಂದೂವರೆ ಲಕ್ಷ, 1 ಲಕ್ಷ ಮತ್ತು 50 ಸಾವಿರ ರೂಪಾಯಿ. ನೀವು ಚೆನ್ನಾಗಿ ಆಡಿ ಇನ್ನೂ ನಾಲ್ವರೊಂದಿಗೆ ಮೊದಲ ಸ್ಥಾನದಲ್ಲಿ ಸಮನಾಗಿ ನಿಂತಿರಿ. ಒಟ್ಟು 8 ಲಕ್ಷವನ್ನು ಐವರಿಗೆ ಹಂಚಿದರೆ ನಿಮ್ಮ ಪಾಲು 1 ಲಕ್ಷ 60 ಸಾವಿರ. ವಿಮಾನ, ವಸತಿ, ಊಟಕ್ಕೆ 1 ಲಕ್ಷ ಹೋಯಿತು. ಉಳಿದದ್ದು 60 ಸಾವಿರ. ಕೊನೆಯ ಸುತ್ತು ಸೋತಿದ್ದರೆ? ಹತ್ತನೆಯ ಸ್ಥಾನಕ್ಕೆ ಜಾರಿ 15 ಸಾವಿರ ಬಂದಿತ್ತು ಎನ್ನಿ. 85 ಸಾವಿರ ಕೈಯಿಂದ ಹೋಯಿತು. ಕೊನೆಯ ಸುತ್ತಿನಲ್ಲಿ ಇಬ್ಬರು ಗ್ರ್ಯಾಂಡ್‌ಮಾಸ್ಟರ್‌ಗಳು ಹದಿನೈದೇ ನಡೆಗೆ ಡ್ರಾ ಮಾಡಿಕೊಂಡು ಎದ್ದು ಹೋದರೆ ನಮಗೆ ಬೇಸರವಾಗುತ್ತದೆ, ಧೈರ್ಯವಿಲ್ಲ ಎನ್ನುತ್ತೇವೆ. ಅವರು ಎಣಿಸಿದ್ದು ಕಾಯಿಗಳನ್ನಲ್ಲ, ಆ ತಿಂಗಳ ಬಾಡಿಗೆಯನ್ನು ಎಂಬುದು ನಮಗೆ ಹೊಳೆಯುವುದಿಲ್ಲ.

ಗ್ರ್ಯಾಂಡ್‌ಮಾಸ್ಟರ್ ಪದವಿ ಬಂದರೆ ಕಷ್ಟ ತೀರುತ್ತದೆ ಎಂದು ಹಲವರು ತಿಳಿದಿದ್ದಾರೆ. ಆ ಪದವಿಗೆ 2500ರ ರೇಟಿಂಗ್ ಮುಟ್ಟಬೇಕು. ಜೊತೆಗೆ ನಾರ್ಮ್ ಎಂಬ ಅರ್ಹತೆಯನ್ನು ಮೂರು ಬಾರಿ ಗಳಿಸಬೇಕು. ಒಂದು ನಾರ್ಮ್‌ಗೆ ಒಂಬತ್ತು ಸುತ್ತಿನ ಟೂರ್ನಿಯಲ್ಲಿ 2600ರ ಮಟ್ಟದ ಆಟ ತೋರಬೇಕು, ಎದುರಾಳಿಗಳಲ್ಲಿ ಗ್ರ್ಯಾಂಡ್‌ಮಾಸ್ಟರ್‌ಗಳೂ ವಿದೇಶದವರೂ ಇರಬೇಕು. ಅದಕ್ಕಾಗಿಯೇ ಮಕ್ಕಳನ್ನು ಕರೆದುಕೊಂಡು ತಂದೆ ತಾಯಿ ಯೂರೋಪ್ ಸುತ್ತುವುದು. 1988ರಲ್ಲಿ ನಮ್ಮ ದೇಶದ ಮೊದಲ ಗ್ರ್ಯಾಂಡ್‌ಮಾಸ್ಟರ್ ವಿಶ್ವನಾಥನ್ ಆನಂದ್. 2025ರ ಕೊನೆಗೆ ಈ ಸಂಖ್ಯೆ 90 ದಾಟಿತ್ತು. ಪದವಿ ಅಪರೂಪವಾಗಿದ್ದಾಗ ಇದ್ದ ಬೆಲೆ, ತೊಂಬತ್ತು ಮಂದಿ ಹಂಚಿಕೊಳ್ಳುವಾಗ ಇರಲಾರದು.

ವಿಜ್ಞಾನದ ವಿದ್ಯಾರ್ಥಿಗಳಿಗೆ ಇದರ ಹಿಂದಿನ ಗಣಿತ ಹಿಡಿಸಬಹುದು. ರೇಟಿಂಗ್ ಪದ್ಧತಿಯನ್ನು ರೂಪಿಸಿದವರು ಅಮೆರಿಕದ ಭೌತಶಾಸ್ತ್ರ ಪ್ರಾಧ್ಯಾಪಕ ಅರ್ಪಾಡ್ ಈಲೋ. ವಿಶ್ವ ಸಂಸ್ಥೆ ಇದನ್ನು 1970ರಲ್ಲಿ ಒಪ್ಪಿಕೊಂಡಿತು. ಇಬ್ಬರ ನಡುವೆ 200 ಅಂಕಗಳ ಅಂತರವಿದ್ದರೆ ಹೆಚ್ಚಿನವನು ನಾಲ್ಕು ಆಟಗಳಲ್ಲಿ ಸುಮಾರು ಮೂರು ಅಂಕ ಗಳಿಸುತ್ತಾನೆ ಎಂದು ಲೆಕ್ಕ. 2500ರ ಗ್ರ್ಯಾಂಡ್‌ಮಾಸ್ಟರ್ ನಿಮ್ಮ ಊರಿನವರೆಲ್ಲರನ್ನೂ ಸೋಲಿಸಬಲ್ಲ. ಆದರೆ 2700ರವನ ಎದುರು ಅವನಿಗೆ ಸಿಗುವುದು ನಾಲ್ಕರಲ್ಲಿ ಒಂದೇ ಅಂಕ. ದೊಡ್ಡ ಟೂರ್ನಿಗಳ ಆಹ್ವಾನ, ಗೌರವಧನ, ಪ್ರಾಯೋಜಕರು ಹೋಗುವುದು ಆ 2700ರವರ ಮನೆಗೆ. ಇಡೀ ಜಗತ್ತಿನಲ್ಲಿ ಅಂಥವರು ಐವತ್ತು ಮಂದಿಯೂ ಇಲ್ಲ. ಹೆಣ್ಣುಮಕ್ಕಳಿಗೆ ಈ ಇಳಿಜಾರು ಇನ್ನೂ ಕಡಿದು. 2024ರಲ್ಲಿ ಟೊರಾಂಟೊದಲ್ಲಿ ಕ್ಯಾಂಡಿಡೇಟ್ಸ್ ಟೂರ್ನಿಯ ಎರಡೂ ವಿಭಾಗಗಳು ಒಟ್ಟಿಗೆ ನಡೆದಾಗ ಮುಕ್ತ ವಿಭಾಗದ ನಿಧಿ 5 ಲಕ್ಷ ಯೂರೋ. ಮಹಿಳೆಯರದು ಅದರ ಅರ್ಧ.

ಆಟದಲ್ಲಿ ಹಣ ಕಡಿಮೆ ಇದ್ದುದೇಕೆ? ಯಾವ ಕ್ರೀಡೆಗೂ ಹಣ ಬರುವುದು ನೋಡುಗರಿಂದ. ನಾನು ದೂರದರ್ಶನಕ್ಕೆ ಕಾರ್ಯಕ್ರಮ ತಯಾರಿಸುವವನು; ನನ್ನ ಕಸುಬಿಗೆ ಚದುರಂಗ ದೊಡ್ಡ ತಲೆನೋವು. ಇಬ್ಬರು ಕೆನ್ನೆಗೆ ಕೈಕೊಟ್ಟು ನಾಲ್ಕು ಗಂಟೆ ಕುಳಿತಿರುತ್ತಾರೆ. ಯುದ್ಧವೆಲ್ಲ ತಲೆಯೊಳಗೆ; ಕ್ಯಾಮೆರಾ ಅಲ್ಲಿಗೆ ಹೋಗದು. ಯಾರು ಗೆಲ್ಲುತ್ತಿದ್ದಾರೆ ಎಂಬುದೇ ತಿಳಿಯದ ಆಟವನ್ನು ಎಷ್ಟು ಜನ ನೋಡಿಯಾರು? 1997ರಲ್ಲಿ ಡೀಪ್ ಬ್ಲೂ ಗಣಕಯಂತ್ರ ಕ್ಯಾಸ್ಪರೋವ್ ಅವರನ್ನು ಸೋಲಿಸಿದಾಗ ಇನ್ನು ಈ ಆಟದ ಕಥೆ ಮುಗಿಯಿತು ಎಂದವರಿದ್ದರು. ಆದದ್ದು ಬೇರೆ. ಅದೇ ಗಣಕಯಂತ್ರ ಇಂದು ಪರದೆಯ ಪಕ್ಕದಲ್ಲಿ ಒಂದು ಪಟ್ಟಿಯಾಗಿ ನಿಂತು, ಬಿಳಿಯ ಕೈ ಮೇಲೋ ಕಪ್ಪಿನ ಕೈ ಮೇಲೋ ಎಂಬುದನ್ನು ಕ್ಷಣಕ್ಷಣಕ್ಕೂ ತೋರಿಸುತ್ತದೆ. ಆಡಲು ಬಾರದ ಅಜ್ಜಿಗೂ ಯಾರು ಎಡವಿದರೆಂದು ಗೊತ್ತಾಗುತ್ತದೆ. 2020ರಲ್ಲಿ ಕೊರೊನಾದಿಂದ ಜನ ಮನೆಯಲ್ಲೇ ಉಳಿದಾಗ ಅಂತರ್ಜಾಲದಲ್ಲಿ ಆಡುವವರೂ ನೋಡುವವರೂ ಏಕಾಏಕಿ ಹೆಚ್ಚಿದರು. ಆಟವನ್ನು ವಿವರಿಸುವ, ತಾನು ಆಡುತ್ತಲೇ ಮಾತಾಡಿ ರಂಜಿಸುವ ಹೊಸ ಕಸುಬೇ ಹುಟ್ಟಿತು. 2023ರಲ್ಲಿ ದುಬೈಯಲ್ಲಿ ಗ್ಲೋಬಲ್ ಚೆಸ್ ಲೀಗ್ ಆರಂಭವಾಯಿತು.

ಆದ್ದರಿಂದ ವೃತ್ತಿಪರ ಆಟಗಾರನ ಆದಾಯವೆಂದರೆ ಒಂದು ದೊಡ್ಡ ನದಿಯಲ್ಲ, ಹಲವು ಸಣ್ಣ ಕಾಲುವೆಗಳು. ಸ್ವಲ್ಪ ಬಹುಮಾನ. ಜರ್ಮನಿಯ ಬುಂಡೆಸ್‌ಲಿಗಾದಂಥ ತಂಡಗಳ ಲೀಗ್‌ನಿಂದ ಸ್ವಲ್ಪ. ಅಂತರ್ಜಾಲದ ಟೂರ್ನಿಗಳಿಂದ ಸ್ವಲ್ಪ. ದೊಡ್ಡ ಆಟಗಾರರಿಗೆ ಪ್ರಾರಂಭದ ನಡೆಗಳನ್ನು ಸಿದ್ಧಪಡಿಸಿಕೊಡುವ ಕೆಲಸದಿಂದ ಸ್ವಲ್ಪ. ಎಲ್ಲಕ್ಕಿಂತ ಹೆಚ್ಚು ಜನರ ಕೈ ಹಿಡಿದಿರುವುದು ತರಬೇತಿ. ಚೆನ್ನೈನ ಗ್ರ್ಯಾಂಡ್‌ಮಾಸ್ಟರ್ ಆರ್. ಬಿ. ರಮೇಶ್ ತೈಲ ಕಂಪನಿಯ ಭದ್ರವಾದ ನೌಕರಿಯನ್ನೇ ಬಿಟ್ಟು ಪೂರ್ಣಾವಧಿ ತರಬೇತುದಾರರಾದರು. ಪ್ರಜ್ಞಾನಂದ ಅವರ ಶಿಷ್ಯ. ಆಡುವುದು ಬೇರೆ, ಕಲಿಸುವುದು ಬೇರೆ ಎಂಬುದನ್ನು ಮಾತ್ರ ಮರೆಯಬೇಡಿ. ಹತ್ತು ಮಕ್ಕಳ ಮುಂದೆ ಸಹನೆಯಿಂದ ಕುದುರೆಯ ನಡೆಯನ್ನು ನೂರನೆಯ ಸಲ ಹೇಳಿಕೊಡಬಲ್ಲವನಿಗೆ ಆ ಕಸುಬು ಒಗ್ಗುತ್ತದೆ.

ಇನ್ನು ಮನೆಯ ಮಾತು. ಗುಕೇಶ್ ಅವರ ತಂದೆ ಕಿವಿ, ಮೂಗು, ಗಂಟಲಿನ ಶಸ್ತ್ರವೈದ್ಯರು. ಮಗನ ಜೊತೆ ಟೂರ್ನಿಗಳಿಗೆ ಓಡಾಡಲು ಅವರು ತಮ್ಮ ವೃತ್ತಿಯನ್ನೇ ನಿಲ್ಲಿಸಿದರು. ಸೂಕ್ಷ್ಮಜೀವಿ ಶಾಸ್ತ್ರಜ್ಞೆಯಾದ ತಾಯಿಯ ಸಂಬಳ ಮನೆ ನಡೆಸಿತು. ಒಂದು ಹಂತದಲ್ಲಿ ತಂದೆ ತಾಯಿಯ ಸ್ನೇಹಿತರೇ ಖರ್ಚಿಗೆ ನೆರವಾದರೆಂದು ಗುಕೇಶ್ ಹೇಳಿದ್ದಾರೆ. ಇಬ್ಬರೂ ಓದಿ ದುಡಿಯುತ್ತಿದ್ದ ಮನೆಯ ಸ್ಥಿತಿ ಇದು. ಒಂದೇ ಸಂಬಳದ ಮನೆಯಲ್ಲಿ, ಹೊಲದ ಬೆಳೆ ನಂಬಿದ ಮನೆಯಲ್ಲಿ ಇದೇ ಪ್ರಶ್ನೆ ಬಂದರೆ? ಅಲ್ಲಿ ಪಣಕ್ಕೆ ಬೀಳುವುದು ಒಬ್ಬ ಹುಡುಗನ ಭವಿಷ್ಯ ಮಾತ್ರವಲ್ಲ; ತಂಗಿಯ ಕಾಲೇಜಿನ ಶುಲ್ಕವೂ ಅದೇ ಮಣೆಯ ಮೇಲೆ ಕುಳಿತಿರುತ್ತದೆ. ಗೆದ್ದವರ ಮನೆಗೆ ಪತ್ರಿಕೆಯವರು ಹೋಗುತ್ತಾರೆ. ಅಷ್ಟೇ ಖರ್ಚು ಮಾಡಿ 2300ರಲ್ಲಿ ನಿಂತುಹೋದವರ ಮನೆಗೆ ಯಾರೂ ಹೋಗುವುದಿಲ್ಲ.

ಹಾಗೆಂದು ಆಟ ಬಿಡಿ ಎನ್ನುತ್ತಿಲ್ಲ. ಚದುರಂಗಕ್ಕೆ ಬೇರೆ ಕಲೆಗಳಿಗಿಲ್ಲದ ಒಂದು ಅನುಕೂಲವಿದೆ. ಹಾಡುವವನಿಗೆ, ನಟಿಸುವವನಿಗೆ ತಾನೆಷ್ಟು ಬಲ್ಲೆ ಎಂಬುದು ವರ್ಷಗಟ್ಟಲೆ ತಿಳಿಯದಿರಬಹುದು. ಹೊಗಳುವವರೂ ತೆಗಳುವವರೂ ಸಮನಾಗಿ ಸಿಗುತ್ತಾರೆ. ಚದುರಂಗದಲ್ಲಿ ರೇಟಿಂಗ್ ಎಂಬ ತಕ್ಕಡಿ ಇದೆ. ಅದಕ್ಕೆ ಜಾತಿಯಿಲ್ಲ, ಊರಿಲ್ಲ, ಶಿಫಾರಸು ಇಲ್ಲ. ಶಿವಮೊಗ್ಗದ ಸ್ಟ್ಯಾನಿ ಅವರನ್ನೂ ಮೈಸೂರಿನ ಗಿರೀಶ್ ಕೌಶಿಕ್ ಅವರನ್ನೂ ಬೆಂಗಳೂರಿನ ಪ್ರಣವ್ ಆನಂದ್ ಅವರನ್ನೂ ಗ್ರ್ಯಾಂಡ್‌ಮಾಸ್ಟರ್ ಪದವಿಗೆ ತೂಗಿದ್ದು ಅದೇ ತಕ್ಕಡಿ. ಅದನ್ನು ಆಗಾಗ ನೋಡುವ ಧೈರ್ಯ ನಿಮಗಿರಬೇಕು, ಅಷ್ಟೆ.

ನನ್ನ ಸಲಹೆ ಇದು. ಮನೆಯವರೊಂದಿಗೆ ಕುಳಿತು ಒಂದು ಕಾಗದದ ಮೇಲೆ ಮೂರು ಸಂಗತಿ ಬರೆಯಿರಿ. ವರ್ಷಕ್ಕೆ ಎಷ್ಟು ಹಣ ಖರ್ಚು ಮಾಡಬಲ್ಲೆವು? ಯಾವ ತಾರೀಖಿನ ಒಳಗೆ ಎಷ್ಟು ರೇಟಿಂಗ್ ಮುಟ್ಟಬೇಕು? ಮುಟ್ಟದಿದ್ದರೆ ಏನು ಮಾಡುವುದು? ಈ ಮೂರನೆಯ ಸಾಲನ್ನು ಮೊದಲೇ ಬರೆದಿಟ್ಟವರು ಸೋತಾಗ ಕುಸಿಯುವುದಿಲ್ಲ, ಒಬ್ಬರನ್ನೊಬ್ಬರು ದೂರುವುದೂ ಇಲ್ಲ. ಪರೀಕ್ಷೆಗಳನ್ನು ಬಿಡಬೇಡಿ. ಆನಂದ್ ಅವರು ಗ್ರ್ಯಾಂಡ್‌ಮಾಸ್ಟರ್ ಆಗಿಯೂ ವಾಣಿಜ್ಯ ಪದವಿ ಓದಿದರು. ವಿಶ್ವ ಚಾಂಪಿಯನ್ ಬೋಟ್ವಿನಿಕ್ ವಿದ್ಯುತ್ ಎಂಜಿನಿಯರ್. ಅಂತರ್ಜಾಲದಲ್ಲಿ ಚೆಸ್ ವಾರ್ತೆ ಹಬ್ಬಿಸಿ ಹೆಸರಾದ ಸಾಗರ್ ಶಾ ಇಂಟರ್‌ನ್ಯಾಷನಲ್ ಮಾಸ್ಟರ್. ಚಾರ್ಟರ್ಡ್ ಅಕೌಂಟೆಂಟ್ ಕೂಡ.

ಒಳ್ಳೆಯ ಆಟಗಾರ ದಾಳಿಗೆ ಹೊರಡುವ ಮುನ್ನ ತನ್ನ ರಾಜನನ್ನು ಮೂಲೆಗೆ ಸೇರಿಸಿ ಭದ್ರಪಡಿಸುತ್ತಾನೆ. ಅದನ್ನು ಯಾರೂ ಹೇಡಿತನ ಎನ್ನುವುದಿಲ್ಲ. ನೀವೂ ನಿಮ್ಮ ಕೋಟೆ ಕಟ್ಟಿಕೊಳ್ಳಿ. ಆಮೇಲೆ ಧೈರ್ಯವಾಗಿ ಕುದುರೆ ಬಿಡಿ.